ಎಡತುದಿಯಿಂದ ಕಾಣದ ಪರದೆ

ಕಳೆದ ವರ್ಷ ಆಯುಧಪೂಜೆಯ ನಂತರದ ಮೊದಲ ಭಾನುವಾರ, ಬಸವೇಶ್ವರನಗರದ ಒಂದು ಮನೆಯ ಗ್ಯಾರೇಜಿನಲ್ಲಿ ನಾಲ್ವರು ಗೆಳೆಯರು ಸೇರಿ ಕಟ್ಟಿದ್ದ ವಿಡಿಯೊ ಗೇಮ್ ಪೆಟ್ಟಿಗೆಯ ಪರದೆ ಸರಿಯಾಗಿ ಕಾಣುವಂತೆ ಮಾಡಿಕೊಡಲು ನಾನು ಒಪ್ಪಿಕೊಂಡೆ. ಕಾಣುವುದಿಲ್ಲ ಎಂದು ದೂರಿದವರು ನಾಲ್ವರಲ್ಲಿ ಒಬ್ಬರು, ಎಡತುದಿಯಲ್ಲಿ ನಿಂತು ಆಡುವವರು. ಅವರು ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಿದ್ದರು. ಕೆಲಸ ಮುಗಿಯುವ ಮೊದಲೇ ಪ್ರಶ್ನೆ ಬದಲಾಯಿತು. ಅವರು ವ್ಯಾನ್ ಓಡಿಸಬಹುದೇ, ಓಡಿಸಬಾರದೇ ಎಂಬುದು ಮುಂದೆ ಬಂತು.

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಶೆಡ್ ಇದೆ. ಆಸ್ಪತ್ರೆ, ಬ್ಯಾಂಕುಗಳಲ್ಲಿ ಟೋಕನ್ ನಂಬರ್ ತೋರಿಸುವ ಪರದೆಗಳಿಗೆ ಪೆಟ್ಟಿಗೆ ಮಾಡಿಕೊಡುತ್ತೇನೆ. ಮೂಲೆಯ ಕುರ್ಚಿಯಲ್ಲಿ ಕೂತವರಿಗೂ ನಂಬರ್ ಕಾಣಬೇಕು ಎಂಬುದೇ ಈ ಕೆಲಸದ ದೊಡ್ಡ ತಲೆನೋವು. ನನಗೆ ಪ್ಲೈವುಡ್ ಕತ್ತರಿಸಿಕೊಡುವ ಬಡಗಿಯೇ ಆ ಗ್ಯಾರೇಜಿನ ಮಾಲೀಕ. "ಮೇಡಂ, ನಮ್ ಡಬ್ಬಾನೂ ಒಂದ್ಸಲ ನೋಡ್ಬಿಡಿ, ಇವ್ನ ಗೋಳು ಕೇಳಕ್ಕಾಗ್ತಿಲ್ಲ" ಎಂದು ಕರೆದೊಯ್ದರು.

ಡಬ್ಬ ಎಂದು ಅವರು ಕರೆಯುತ್ತಿದ್ದುದು ಆಳೆತ್ತರದ ಒಂದು ಪ್ಲೈವುಡ್ ಪೆಟ್ಟಿಗೆ. ಮೇಲೆ ಯಾವುದೋ ಆಫೀಸು ಹೊರಹಾಕಿದ್ದ ಮಾನಿಟರ್. ಒಳಗೆ ಅಂಗೈಯಗಲದ ಕಂಪ್ಯೂಟರ್ ಬೋರ್ಡು. ಸೊಂಟದ ಎತ್ತರದಲ್ಲಿ ಮುಂದಕ್ಕೆ ಚಾಚಿದ ಹಲಗೆ, ಅದರ ಮೇಲೆ ಸಾಲಾಗಿ ನಾಲ್ಕು ಜಾಯ್‌ಸ್ಟಿಕ್, ಒಂದೊಂದಕ್ಕೂ ಒಂದೊಂದು ಬಣ್ಣದ ಗುಂಡಿಗಳು. ಹಲಗೆ ಪೆಟ್ಟಿಗೆಗಿಂತ ಎರಡು ಪಟ್ಟು ಅಗಲವಾಗಿತ್ತು. ಹಾಗಾಗಿ ನಡುವಿನ ಇಬ್ಬರು ಪರದೆಯ ಎದುರಿಗೆ ನಿಂತರೆ, ತುದಿಯ ಇಬ್ಬರು ಪೆಟ್ಟಿಗೆಯ ಪಕ್ಕದಿಂದ ಇಣುಕಿದಂತೆ ನಿಲ್ಲಬೇಕಿತ್ತು.

ನಾಲ್ವರೂ ಅಲ್ಲಿದ್ದರು. ಕೆಂಪು ಗುಂಡಿಯ ಎಡತುದಿ ವ್ಯಾನಿನವರದು. ಪಕ್ಕದಲ್ಲಿ ಬಡಗಿ. ಆಮೇಲೆ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತರಾಗಿರುವವರು. ಬಲತುದಿಯಲ್ಲಿ ವಿಜಯಪುರದ ಕಡೆಯಿಂದ ಬಂದು ಬಡಗಿಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಡೆಲಿವರಿ ಸವಾರ. ಡಬ್ಬ ಮುಗಿದ ವರ್ಷ ಆಯುಧಪೂಜೆಯ ದಿನ ಚೀಟಿ ಎತ್ತಿ ಈ ಜಾಗಗಳನ್ನು ಹಂಚಿಕೊಂಡಿದ್ದರು. ಅಂದಿನಿಂದ ಪ್ರತಿ ಆಯುಧಪೂಜೆಗೆ ಅವರವರ ಜಾಯ್‌ಸ್ಟಿಕ್ಕಿಗೆ ಅವರವರೇ ಅರಿಶಿನ ಕುಂಕುಮ ಹಚ್ಚುತ್ತಾರೆ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಒಂದು ಆಟವನ್ನೂ ಆಡುವುದಿಲ್ಲ. ನಾನು ಹೋದಾಗ ಕುಂಕುಮ ಇನ್ನೂ ಹಸಿಯಾಗಿ ಗುಂಡಿಗಳ ಸಂದಿಯಲ್ಲಿ ಕೂತಿತ್ತು.

"ಏನು ತೊಂದರೆ?" ಎಂದು ವ್ಯಾನಿನವರನ್ನು ಕೇಳಿದೆ.

"ಎಡಗಡೆಯಿಂದ ಬರೋ ವಿಲನ್‌ಗಳು ಕಾಣ್ಸಲ್ಲ ಮೇಡಂ. ಇದ್ದಕ್ಕಿದ್ದಂಗೆ ಮೈಮೇಲೇ ಬಂದ್ಬಿಡ್ತಾರೆ. ನನ್ ಲೈಫ್ ಎಷ್ಟಿದೆ ಅಂತ ತೋರ್ಸೋದೂ ಅದೇ ಮೂಲೇಲಿ."

"ಲೈಫ್ ಇದ್ರೆ ತಾನೆ ಗುರು ಕಾಣೋದು!" ಎಂದರು ಗುಮಾಸ್ತರು.

"ನಿಂಗೆ ನಡುಮಧ್ಯ ಜಾಗ ಸಿಕ್ಕಿದೆ, ನೀನು ಮಾತಾಡ್ತೀಯ. ಇಲ್ಲಿ ಬಂದು ನಿಂತ್ಕೊಂಡ್ ನೋಡು."

"ಜಾಗ ಬದಲಾಯ್ಸೋದಾ? ಅದು ಮಂಟಪದಲ್ಲಿ ಗಂಡು ಬದಲಾಯ್ಸಿದಂಗೆ ಕಣೋ."

ಡೆಲಿವರಿ ಸವಾರ ಬಲತುದಿಯಿಂದ ಹೇಳಿದ: "ನನಗೂ ಬಲಕ್ಕ ಹಲಗಿ ಅಡ್ಡ ಬರ್ತೈತ್ರಿ ಮೇಡಂ. ಒಂದೀಟು ಬಗ್ಗಿದ್ರ ಕಾಣ್ತೈತಿ."

ಬಗ್ಗಿದರೆ ಕಾಣುತ್ತದೆ ಎಂಬ ಮಾತನ್ನು ಕೇಳಿಸಿಕೊಂಡೆ. ವ್ಯಾನಿನವರು ಬಗ್ಗಿದರೂ ಕಾಣುತ್ತದೆಯೇ ಎಂದು ಅಂದು ಕೇಳಲಿಲ್ಲ.

ಕಾರಣಗಳು ಎದುರಿಗೇ ಇದ್ದವು. ಪರದೆಯನ್ನು ಪೆಟ್ಟಿಗೆಯೊಳಗೆ ಒಂದು ಗೇಣು ಆಳದಲ್ಲಿ ಕೂರಿಸಿದ್ದರು. ಎರಡೂ ಪಕ್ಕದ ಹಲಗೆಗಳು ಕುದುರೆಯ ಕಣ್ಣುಪಟ್ಟಿಯಂತೆ ಮುಂದೆ ಚಾಚಿದ್ದವು. ಮಾನಿಟರ್ ಹಳೆಯ ತರಹದ್ದು, ಓರೆಯಿಂದ ನೋಡಿದರೆ ಬಣ್ಣ ತೆಳುವಾಗಿ ಬೂದಿಯಾಗುತ್ತಿತ್ತು. ಅದರ ಮುಂದೆ ಹೊಳೆಯುವ ಅಕ್ರಿಲಿಕ್ ಹಾಳೆ. ಆಟಗಾರರ ಬೆನ್ನ ಹಿಂದಿನ ಟ್ಯೂಬ್‌ಲೈಟ್ ಆ ಹಾಳೆಯಲ್ಲಿ ಇಡಿಯಾಗಿ ಕಾಣುತ್ತಿತ್ತು.

ನಾಲ್ಕೂ ಜಾಗದಲ್ಲಿ ಅವರವರ ಕಣ್ಣಿನ ಎತ್ತರಕ್ಕೆ ಒಂದೊಂದು ಕೋಲು ನಿಲ್ಲಿಸಿ, ಕೋಲಿನ ತುದಿಯಿಂದ ಪರದೆಯ ನಾಲ್ಕೂ ಮೂಲೆಗಳಿಗೆ ದಾರ ಎಳೆದೆ. ದಾರ ಎಲ್ಲಿ ಪಕ್ಕದ ಹಲಗೆಗೆ ತಾಗಿ ಮುರಿಯಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿದೆ. ಎಡತುದಿಯ ದಾರ ಎಡಹಲಗೆಗೂ ಬಲತುದಿಯ ದಾರ ಬಲಹಲಗೆಗೂ ಒಂದೇ ಎತ್ತರದಲ್ಲಿ ತಾಗಿದವು. ಎಡತುದಿಯವರಿಗೆ ಪರದೆಯ ಎಡಭಾಗ ಕಾಣದಿರಲು ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕಿರಲಿಲ್ಲ.

ಮರುವಾರ ಪೆಟ್ಟಿಗೆ ನನ್ನ ಶೆಡ್ಡಿಗೆ ಬಂತು. ಗುರುತಿನ ಮೇಲೆ ಬಡಗಿಯೇ ಜಿಗ್‌ಸಾ ಗರಗಸ ಹಿಡಿದು ಪಕ್ಕದ ಹಲಗೆಗಳನ್ನು ಒಳಕ್ಕೆ ಬಾಗಿದ ಗೆರೆಯಲ್ಲಿ ಕತ್ತರಿಸಿದರು. ಒಂದು ಕಡೆ ಲ್ಯಾಮಿನೇಟ್ ಎದ್ದು ಬಂತು. ಅಂಚಿಗೆ ಪಟ್ಟಿ ಹೊಡೆದು ಮುಚ್ಚಿದೆವು. ಅಕ್ರಿಲಿಕ್ ತೆಗೆದುಹಾಕಿದೆ. ಓರೆಯಿಂದಲೂ ಬಣ್ಣ ಕೆಡದ, ಮೊದಲಿನದಕ್ಕಿಂತ ದೊಡ್ಡ ಪರದೆ ತಂದು ಪೆಟ್ಟಿಗೆಯ ಬಾಯಿಗೇ ಕೂರಿಸಿದೆ. ಕೂರಿಸಿದ ಕೂಡಲೇ ಪೆಟ್ಟಿಗೆ ಮುಂದಕ್ಕೆ ವಾಲಿತು. ತೂಕವೆಲ್ಲ ಮುಂದೆ ಬಂದಿತ್ತು. ತಳದ ಹಿಂಭಾಗದಲ್ಲಿ ಸೈಜುಗಲ್ಲಿನ ಒಂದು ತುಂಡು ಇಟ್ಟು ಬೋಲ್ಟ್ ಹಾಕಿ ಸರಿಮಾಡಿದೆವು. ಪೆಟ್ಟಿಗೆಯನ್ನು ಮರಳಿ ಗ್ಯಾರೇಜಿಗೆ ತಂದಿಟ್ಟು, ಅಲ್ಲಿನ ಟ್ಯೂಬ್‌ಲೈಟನ್ನು ಆಟಗಾರರ ಬೆನ್ನಿನಿಂದ ಪೆಟ್ಟಿಗೆಯ ಹಿಂಬದಿಯ ಗೋಡೆಗೆ ಸರಿಸಿದೆವು.

ಮೂವರು ಮೆಚ್ಚಿದರು. ಡೆಲಿವರಿ ಸವಾರ ಬಗ್ಗುವುದನ್ನು ಬಿಟ್ಟು ನೆಟ್ಟಗೆ ನಿಂತು ಆಡಿದ. ವ್ಯಾನಿನವರು ಮೊದಲ ಆಟದಲ್ಲೇ ಸತ್ತರು, ಎರಡನೆಯದರಲ್ಲೂ. ಅವರ ಪಾತ್ರದ ಎಡಕ್ಕೆ ಬಂದು ನಿಂತ ಶತ್ರುವಿಗೆ ಅವರು ತಿರುಗಿ ಹೊಡೆಯಲೇ ಇಲ್ಲ.

"ಲೋ, ಪಕ್ಕದಲ್ಲೇ ನಿಂತವ್ನೆ, ಹೊಡಿಯೋ!" ಎಂದು ಬಡಗಿ ಕೂಗಿದರು.

"ಎಲ್ಲೋ?"

"ನಿನ್ ಮಗ್ಗುಲಲ್ಲೇ!"

ವ್ಯಾನಿನವರು ತಲೆ ತಿರುಗಿಸಿ ನೋಡಿದರು. ಅಷ್ಟರಲ್ಲಿ ಆಟ ಮುಗಿದಿತ್ತು. ನನ್ನತ್ತ ನೋಡಿ, "ಮೊದ್ಲಿಗಿಂತ ಜಾಸ್ತಿ ಆಗಿದೆ ಮೇಡಂ" ಎಂದರು.

ಹೊಸ ಪರದೆಯ ಎಡಭಾಗದಲ್ಲಿ ಒಳಗಿನ ದೀಪದ ಪಟ್ಟಿ ಮಂಕಾಗಿರಬಹುದು ಎಂಬುದು ನನ್ನ ಮುಂದಿನ ಅನುಮಾನ. ಇಡೀ ಪರದೆಯನ್ನು ಬಿಳಿ ಮಾಡಿ ಬೆಳಕಿನ ಮೀಟರಿನಲ್ಲಿ ನಾಲ್ಕೂ ಮೂಲೆ ಅಳೆದೆ. ವ್ಯತ್ಯಾಸ ಇರಲಿಲ್ಲ. ಆದರೂ ಪರದೆ ಕೊಟ್ಟ ಅಂಗಡಿಯವರೊಂದಿಗೆ ವಾದ ಮಾಡಿ ಬೇರೊಂದು ತಂದು ಹಾಕಿದೆ. ಪರದೆ ವಾಲುವ ಕೋನವನ್ನು ಬದಲಿಸಿದೆ. ಅವರ ಕಾಲಡಿಗೆ ಮಣೆ ಇಟ್ಟು ನೋಡಿದೆ. ಪ್ರತಿ ಬಾರಿಯೂ ವ್ಯಾನಿನವರು ಒಂದೆರಡು ಆಟ ಆಡಿ ಸುಮ್ಮನೆ ಜಾಯ್‌ಸ್ಟಿಕ್ ಬಿಡುತ್ತಿದ್ದರು. ಕೊನೆಯ ಸಲ, "ಬಿಡಿ ಮೇಡಂ, ನೀವ್ ಮೂರ್ ಜನ ಆಡ್ಕೊಳ್ರಪ್ಪ. ಕನ್ನಡಕದ ನಂಬರ್ ಬದಲಾಗಿರ್ಬೇಕು" ಎಂದರು. ಆ ವರ್ಷದಲ್ಲಿ ಆಗಲೇ ಎರಡು ಸಲ ಕನ್ನಡಕ ಬದಲಿಸಿದ್ದರು ಎಂದು ಬಡಗಿ ಆಮೇಲೆ ಹೇಳಿದರು.

ದೂರನ್ನು ನಾನು ನನ್ನ ಮಾತಿಗೆ ತಿರುಗಿಸಿಕೊಂಡಿದ್ದೆ ಎಂಬುದು ಅಷ್ಟು ಹೊತ್ತಿಗೆ ಗಮನಕ್ಕೆ ಬಂತು. ಅವರು ಎಂದೂ ಎಡಭಾಗ ಮಂಕಾಗಿದೆ ಎಂದಿರಲಿಲ್ಲ. ಮಂಕು ಎಂಬುದು ನನ್ನ ಪದ.

"ಎಡಗಡೆ ಕಪ್ಪಗೆ ಕಾಣುತ್ತಾ?" ಎಂದು ಕೇಳಿದೆ.

"ಕಪ್ಪಲ್ಲ ಮೇಡಂ. ಹೆಂಗ್ ಹೇಳ್ಲಿ... ಅಲ್ಲಿ ಏನೂ ಇರೋದೇ ಇಲ್ಲ. ಆಮೇಲೆ ಇರುತ್ತೆ."

ದೋಷ ಪೆಟ್ಟಿಗೆಯದೋ, ಪರದೆಯದೋ, ಜಾಗದ್ದೋ ಎಂದು ತಿಳಿಯಲು ಸುಲಭದ ದಾರಿ ಒಂದಿತ್ತು. ಬೇರೆ ಯಾರನ್ನಾದರೂ ಎಡತುದಿಯಲ್ಲಿ ನಿಲ್ಲಿಸಿ, ಅವರನ್ನು ನಡುವೆ ನಿಲ್ಲಿಸಬೇಕು. ಮೊದಲ ದಿನವೇ ಹಾಗೆ ಮಾಡಿದ್ದರೆ ಇಷ್ಟು ಹಲಗೆ ಕತ್ತರಿಸಬೇಕಿರಲಿಲ್ಲ. ಆದರೆ ನಾಲ್ವರೂ ಒಪ್ಪಲಿಲ್ಲ. ತಮಾಷೆಯಾಗಿ ಶುರುವಾದ ಕಟ್ಟಳೆ ಅಷ್ಟು ವರ್ಷಗಳಲ್ಲಿ ಗಟ್ಟಿಯಾಗಿತ್ತು. "ಪೂಜೆ ಮಾಡಿರೋ ಜಾಗ ಮೇಡಂ" ಎಂದು ವ್ಯಾನಿನವರೇ ಎಲ್ಲರಿಗಿಂತ ಮೊದಲು ತಲೆಯಾಡಿಸಿದರು. ಇಷ್ಟು ವರ್ಷ ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತಿರಲಿಲ್ಲವಾದ್ದರಿಂದ, ಕೆಟ್ಟದ್ದು ಜಾಗವಲ್ಲ ಎಂದು ಗೊತ್ತಾಗಲು ಯಾರಿಗೂ ದಾರಿ ಇರಲಿಲ್ಲ.

ಜಾಗ ಬದಲಿಸಲು ಅವರ ಒಪ್ಪಿಗೆ ಇರಲಿಲ್ಲ. ಪರದೆಯ ಜಾಗ ಬದಲಿಸಲು ಯಾರ ಅಡ್ಡಿಯೂ ಇರಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಪರದೆಯನ್ನು ಪೆಟ್ಟಿಗೆಯಿಂದ ಬಿಚ್ಚಿ, ಉದ್ದನೆಯ ಕೇಬಲ್ ಹಾಕಿ, ಎಡತುದಿಯ ಎದುರಿಗೇ ಒಂದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ. ಈಗ ಪಕ್ಕದ ಹಲಗೆ ಇಲ್ಲ, ಓರೆನೋಟ ಇಲ್ಲ. ಟೋಕನ್ ಪರದೆಗಳನ್ನು ಪರೀಕ್ಷಿಸಲು ನಾನು ಬಳಸುವ ಒಂದು ಚಿತ್ರವನ್ನು ಹಾಕಿದೆ. ಕಪ್ಪು ಹಿನ್ನೆಲೆ, ನಡುವೆ ಒಂದು ಹಳದಿ ಚುಕ್ಕಿ, ಸುತ್ತ ಅಲ್ಲೊಂದು ಇಲ್ಲೊಂದು ಬಿಳಿ ಚೌಕ ಬೆಳಗಿ ಆರುತ್ತದೆ.

"ಹಳದಿ ಚುಕ್ಕಿ ಬಿಟ್ಟು ಕಣ್ಣು ಆಡಿಸಬಾರದು. ಬಿಳಿ ಚೌಕ ಕಂಡಾಗಲೆಲ್ಲ ಗುಂಡಿ ಒತ್ತಿ" ಎಂದೆ.

ಪರದೆಯನ್ನು ಒಬ್ಬೊಬ್ಬರ ಎದುರಿಗೂ ಸರಿಸಿದೆ. ಡೆಲಿವರಿ ಸವಾರ ಒಂದನ್ನೂ ಬಿಡಲಿಲ್ಲ. ಬಡಗಿ, ಗುಮಾಸ್ತರು ಒಂದೊಂದು ತಪ್ಪಿಸಿರಬಹುದು. ವ್ಯಾನಿನವರ ಸರದಿಯಲ್ಲಿ ಬಲಗಡೆ ಚೌಕ ಬೆಳಗಿದಾಗಲೆಲ್ಲ ಗುಂಡಿ ಟಕ್ಕೆಂದಿತು. ಎಡಗಡೆ ಬೆಳಗಿದಾಗ ಸದ್ದಿಲ್ಲ.

"ಎಡಗೈ ನಿದ್ದೆ ಹೋಯ್ತಾ ಮಗಾ?" ಎಂದರು ಗುಮಾಸ್ತರು.

"ಬಂದಾಗ ತಾನೆ ಒತ್ತೋದು!"

"ಬಂತಲ್ಲೋ ಈಗ... ಅಕೋ, ಮತ್ತೆ ಬಂತು..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಇನ್ನೊಂದೇ ಪರೀಕ್ಷೆ ಉಳಿದಿತ್ತು. ಪರದೆಯನ್ನು ತಲೆಕೆಳಗಾಗಿ ನಿಲ್ಲಿಸಿದೆ. ಅದರ ಎಡ ಅಂಚು ಈಗ ಬಲಕ್ಕೆ ಬಂದಿತ್ತು. ದೋಷ ಪರದೆಯದಾಗಿದ್ದರೆ ಅವರು ಬಲಗಡೆಯ ಚೌಕಗಳನ್ನು ತಪ್ಪಿಸಬೇಕು. ಅವರು ಬಲಗಡೆಯದನ್ನೆಲ್ಲ ಒತ್ತಿದರು. ಎಡಗಡೆಯದನ್ನು ಒತ್ತಲಿಲ್ಲ.

ಬಡಗಿ ಎದ್ದು ಗೇಟಿನೊಳಗೆ ನಿಂತಿದ್ದ ವ್ಯಾನಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಪೂಜೆಯ ಚೆಂಡುಹೂವು ಒಣಗಿ ಅಂಟಿತ್ತು. ಎಡಗಡೆಯ ಕನ್ನಡಿಗೆ ಟೇಪ್ ಸುತ್ತಿತ್ತು. ಎಡ ಮಗ್ಗುಲಿನ ಉದ್ದಕ್ಕೂ ಬಣ್ಣ ಕೆರೆದಿತ್ತು.

"ಈ ಕನ್ನಡಿ ಏನಾಯ್ತೋ?"

"ಗೇಟಿಗೆ ತಾಗ್ತು."

"ಮೊನ್ನೆ ಬೈಕಿನೋನು ಹೊಡ್ದ ಅಂದೆ."

"ಅದು ಬೇರೆ."

"ಯಾವ್ದು ಬೇರೆ? ಕನ್ನಡಿ ಒಂದೇ ಇರೋದು ಆ ಕಡೆ."

ಬಡಗಿಯ ಮಗಳು ಅದೇ ವ್ಯಾನಿನಲ್ಲಿ ಶಾಲೆಗೆ ಹೋಗುತ್ತಿದ್ದಳು.

ನಾನು ವೈದ್ಯೆಯಲ್ಲ. ಗೊತ್ತಿದ್ದಷ್ಟನ್ನು ಮಾತ್ರ ಹೇಳಿದೆ. ಪೆಟ್ಟಿಗೆಯಲ್ಲಿ ದೋಷ ಇಲ್ಲ, ಪರದೆಯಲ್ಲಿ ಇಲ್ಲ, ಜಾಗದಲ್ಲಿ ಇಲ್ಲ. ಕಣ್ಣಿನ ಆಸ್ಪತ್ರೆಗೆ ಹೋಗಬೇಕು, ಅದುವರೆಗೆ ಗಾಡಿ ತೆಗೆಯಬಾರದು.

"ಮೇಡಂ, ನಿಮ್ಗೆ ಹೇಳಿದ್ದು ಡಬ್ಬ ಸರಿ ಮಾಡೋಕೆ" ಎಂದರು ವ್ಯಾನಿನವರು. ಅವರು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಗೇಮ್‌ನಲ್ಲಿ ಎರಡು ಚೌಕ ಕಾಣ್ಲಿಲ್ಲ ಅಂತ ಗಾಡಿ ನಿಲ್ಸೋಕಾಗುತ್ತಾ? ನಾಳೆ ಬೆಳಿಗ್ಗೆ ಮಕ್ಳು ಮನೆ ಬಾಗ್ಲಲ್ಲಿ ಬ್ಯಾಗ್ ಹಾಕ್ಕೊಂಡು ನಿಂತಿರ್ತಾರೆ. ಇಷ್ಟು ವರ್ಷದಲ್ಲಿ ಒಂದು ಮಗೂಗೆ ತರಚಿದ ಗಾಯ ಆಗಿದ್ಯಾ? ಕೇಳಿ ಇವ್ನನ್ನ."

"ಆಗಿಲ್ಲ. ಆದ್ರೆ ನಾಳೆ ನನ್ ಮಗ್ಳು ಬರಲ್ಲ ಕಣೋ" ಎಂದರು ಬಡಗಿ.

ವ್ಯಾನಿನವರು ಹೊರಗೆ ಹೋಗಿ ಗಾಡಿ ತೆಗೆದುಕೊಂಡು ಹೊರಟರು. ಗೇಟು ದಾಟುವಾಗ ತಾಗಿಸಲಿಲ್ಲ.

ಇದನ್ನು ಅವರೊಬ್ಬರಿಗೇ ಹೇಳಬೇಕಿತ್ತು, ಗೆಳೆಯರ ಎದುರಿಗಲ್ಲ ಎಂದು ಗುಮಾಸ್ತರು ನನಗೆ ಹೇಳಿದರು. ಇರಬಹುದು. ಪರೀಕ್ಷೆಯನ್ನು ಎಲ್ಲರೆದುರು ಇಟ್ಟ ಮೇಲೆ ಫಲಿತಾಂಶ ಎಲ್ಲರ ಕಣ್ಣಿಗೂ ಒಟ್ಟಿಗೇ ಬಿದ್ದಿತ್ತು.

ಸೋಮವಾರ ಬೆಳಿಗ್ಗೆ ಬಡಗಿ ಫೋನ್ ಮಾಡಿದರು. "ಗಾಡಿ ತಗೊಂಡು ಹೋದ ಮೇಡಂ. ಫೋನ್ ತೆಗೀತಿಲ್ಲ." ಬೇರೆ ಮಕ್ಕಳ ಮನೆಯವರಿಗೆ ಹೇಳಿದಿರಾ ಎಂದು ಕೇಳಿದೆ. ಇಲ್ಲ ಎಂದರು. ಹೇಳಿದರೆ ಆ ವ್ಯಾನು ಮತ್ತೆ ಆ ಬೀದಿಗಳಿಗೆ ಬರಲಾರದು. ಹೇಳದಿದ್ದರೆ ಮಧ್ಯಾಹ್ನದ ಟ್ರಿಪ್ಪಿಗೂ ಅವರೇ ಹೋಗುತ್ತಾರೆ. ಮಧ್ಯಾಹ್ನದೊಳಗೆ ಅವರ ಮನೆಗೆ ಹೋಗುವುದು, ಅವರು ಒಪ್ಪದಿದ್ದರೆ ಅಲ್ಲಿಂದಲೇ ಮಕ್ಕಳ ಮನೆಯವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡುವುದು ಎಂದು ನಾನು ತೀರ್ಮಾನಿಸಿದೆ. ಬಡಗಿ, "ನಾನೂ ಬರ್ತೀನಿ" ಎಂದರು.

ವ್ಯಾನಿನವರ ಮನೆ ಮಹಾಲಕ್ಷ್ಮಿ ಲೇಔಟಿನಲ್ಲಿ. ಬೆಳಗಿನ ಟ್ರಿಪ್ ಮುಗಿಸಿ ವ್ಯಾನು ಮನೆಯ ಮುಂದೆ ನಿಂತಿತ್ತು. ಅವರ ಹೆಂಡತಿ ಬಾಗಿಲು ತೆಗೆದು ನಮ್ಮನ್ನು ಕೂರಿಸಿದರು. ಅವರಿಗೆ ಏನೂ ಗೊತ್ತಿರಲಿಲ್ಲ. "ಇವ್ರು ನೆನ್ನೆಯಿಂದ ಊಟಾನೂ ಸರಿಯಾಗಿ ಮಾಡಿಲ್ಲ. ಜಗಳ ಆಡ್ಕೊಂಡ್ರಾ?" ಎಂದು ಬಡಗಿಯನ್ನು ಕೇಳಿದರು. ವ್ಯಾನಿನವರು ಒಳಗಿನಿಂದ ಬಂದು ಎದುರಿಗೆ ಕೂತರು. ನಾನು ಮಾತು ಶುರುಮಾಡುವ ಮೊದಲೇ ಅವರು ಹೇಳಿದರು: "ನೋಡಿ, ಇವತ್ತೂ ಹೋಗ್ಬಂದೆ. ಎಲ್ಲಾ ಮಕ್ಳೂ ಶಾಲೆ ಸೇರಿದ್ರು. ಏನಾಯ್ತು?"

ಅಷ್ಟರಲ್ಲಿ ಡೆಲಿವರಿ ಸವಾರ ಬಂದ. ಹೆಲ್ಮೆಟ್ ಕೈಯಲ್ಲಿತ್ತು. ಮೈಮೇಲೆ ಕಂಪನಿಯ ಕಿತ್ತಳೆ ಬಣ್ಣದ ಅಂಗಿ. ನಾವು ಕರೆದಿರಲಿಲ್ಲ.

"ಅಣ್ಣಾರ, ನಾಳಿ ನಾ ಬರಾಕ ಆಗಂಗಿಲ್ರಿ. ಮುಂಜಾನಿ ಆರ್ಡರ್ ಬಿಟ್ರ ನನಗ ಕೆಲಸ ಹೋಗ್ತೈತಿ" ಎಂದ.

"ಎಲ್ಲಿಗೆ ಬರೋಕೆ?" ಎಂದರು ವ್ಯಾನಿನವರು.

"ನಿಮ್ಮ ಜೋಡಿ. ಇವತ್ತ ಬಂದಿದ್ನಲ್ರಿ."

"ಎಲ್ಲಿ ಬಂದಿದ್ದೆ ನೀನು?"

ಸವಾರ ನಮ್ಮ ಮುಖ ನೋಡಿದ. ಬೆಳಿಗ್ಗೆ ಮೊದಲ ಮಗುವನ್ನು ಹತ್ತಿಸಿಕೊಂಡಲ್ಲಿಂದ ಶಾಲೆಯ ಗೇಟಿನವರೆಗೆ ಅವನು ವ್ಯಾನಿನ ಎಡಮಗ್ಗುಲಿಗೆ ತನ್ನ ಬೈಕು ಇಟ್ಟುಕೊಂಡು ಬಂದಿದ್ದ. ಎಡದಿಂದ ಯಾರಾದರೂ ನುಗ್ಗಿದರೆ ಮೊದಲು ತನಗೆ ಅಡ್ಡ ಬರಲಿ ಎಂಬುದು ಅವನ ಲೆಕ್ಕ. ಸಿಗ್ನಲ್ಲಿನಲ್ಲಿ ಎಡ ಕಿಟಕಿಯ ಪಕ್ಕದಲ್ಲೇ ನಿಂತು ಕೈ ಎತ್ತಿದ್ದ. ಹಿಂದಿನ ಸೀಟಿನ ಮಕ್ಕಳು ಅವನಿಗೆ ಕೈಬೀಸಿದ್ದರು.

"ನೀವ್ ಕೈ ಎತ್ಲಿಲ್ಲ. ಸಿಟ್ಟ ಮಾಡ್ಕೊಂಡೀರಿ ಅಂದ್ಕೊಂಡ್ನಿರಿ" ಎಂದ.

ವ್ಯಾನಿನವರು ಅವನ ಕಿತ್ತಳೆ ಅಂಗಿಯನ್ನೇ ನೋಡುತ್ತ ಕೂತರು. "ಶಾಲೆವರ್ಗೂ?" ಎಂದು ಕೇಳಿದರು.

"ಹೌದ್ರಿ. ಒಂದ ಕಡೆ ನೀವು ಎಡಕ್ಕ ಎಳದ್ರಿ. ನಾ ಮೋರಿ ಕಲ್ಲ ಮ್ಯಾಲ ಹತ್ತಿಸಿ ಉಳ್ಕೊಂಡೆ."

ಮತ್ತೆ ಪರೀಕ್ಷೆ ಮಾಡಿ ತೋರಿಸಲೆಂದು ನಾನು ತಂದಿದ್ದ ಪರದೆಯನ್ನು ಕಾರಿನಿಂದ ಇಳಿಸುವ ಅಗತ್ಯ ಬೀಳಲಿಲ್ಲ. ಅವರ ಹೆಂಡತಿ ಗೋಡೆಯ ಮೊಳೆಯಿಂದ ವ್ಯಾನಿನ ಕೀ ತೆಗೆದು ಸೆರಗಿಗೆ ಕಟ್ಟಿಕೊಂಡರು. ವ್ಯಾನಿನವರು ತಡೆಯಲಿಲ್ಲ. ಮಧ್ಯಾಹ್ನದ ಟ್ರಿಪ್ಪಿಗೆ ಬಡಗಿಗೆ ಪರಿಚಯವಿದ್ದ ಒಬ್ಬ ಚಾಲಕ ಬಂದರು. ಮಕ್ಕಳ ಮನೆಯವರಿಗೆ ವ್ಯಾನಿನವರೇ ಫೋನ್ ಮಾಡಿ ವಿಷಯ ಹೇಳಿದರು. ಕೆಲವರು ಆ ವಾರವೇ ಮಕ್ಕಳನ್ನು ಬೇರೆ ವ್ಯಾನಿಗೆ ಸೇರಿಸಿದರು.

ಕಣ್ಣಿನ ಆಸ್ಪತ್ರೆಯಲ್ಲಿ ಅವರನ್ನು ಒಂದು ಬಟ್ಟಲಿನಾಕಾರದ ಯಂತ್ರದ ಮುಂದೆ ಕೂರಿಸಿ, ನಡುವಿನ ಚುಕ್ಕಿ ನೋಡುತ್ತ ಬೆಳಕು ಕಂಡಾಗ ಗುಂಡಿ ಒತ್ತಲು ಹೇಳಿದರಂತೆ. "ಅಲ್ಲೂ ಅದೇ ಆಟ ಮೇಡಂ, ಅಲ್ಲೂ ಸೋತೆ" ಎಂದರು. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡದಿಂದ ನರ ಸವೆಯುವ ಕಾಯಿಲೆ, ನೋವಿಲ್ಲದೆ ಬದಿಯಿಂದ ನೋಟ ಕಳೆಯುತ್ತ ಬರುತ್ತದೆ. ಎಡಗಣ್ಣಿನ ನೋಟ ಬಹುಪಾಲು ಹೋಗಿತ್ತು. ಬಲಗಣ್ಣಿನಲ್ಲಿ ಮೂಗಿನ ಕಡೆಯ, ಅಂದರೆ ಎಡಬದಿಯ, ನೋಟ ಹೋಗಿತ್ತು. ಹಾಗಾಗಿ ಎರಡೂ ಕಣ್ಣು ತೆರೆದಿದ್ದರೂ ಎಡಗಡೆ ಏನೂ ಇರುತ್ತಿರಲಿಲ್ಲ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಔಷಧದ ಹನಿಯಿಂದ ಹಿಡಿದಿಡಲು ನೋಡಬಹುದು, ವಾಹನ ಓಡಿಸುವಂತಿಲ್ಲ ಎಂದು ವೈದ್ಯರು ಹೇಳಿದರು.

ಪೆಟ್ಟಿಗೆಯ ಕೆಲಸ ಬಾಕಿ ಇತ್ತು. ಎಡತುದಿಯವರಿಗೆ ಕಾಣಬೇಕಾದರೆ ಮಾಡಬೇಕಾದ್ದು ನಾನು ಮಾಡಿದ್ದರ ತದ್ವಿರುದ್ಧ. ಪರದೆ ದೊಡ್ಡದಾಗಿ ಹತ್ತಿರ ಬಂದಷ್ಟೂ ಅದರ ಹೆಚ್ಚಿನ ಭಾಗ ಅವರ ಖಾಲಿ ಜಾಗದೊಳಗೆ ಬೀಳುತ್ತಿತ್ತು. "ಮೊದ್ಲಿಗಿಂತ ಜಾಸ್ತಿ ಆಗಿದೆ" ಎಂದು ಅವರು ಅಂದದ್ದು ಸರಿಯಾಗಿತ್ತು. ಪರದೆಯನ್ನು ಪೆಟ್ಟಿಗೆಯಿಂದ ಪೂರ್ತಿ ಹೊರತೆಗೆದು ಹಿಂದಿನ ಗೋಡೆಗೆ ಹಾಕಿದೆವು. ಪೆಟ್ಟಿಗೆಯ ಮೇಲ್ಭಾಗ ಕತ್ತರಿಸಿದ್ದರಿಂದ ಉಳಿದದ್ದು ಹಲಗೆ ಮತ್ತು ಅದನ್ನು ಹೊತ್ತ ತಳ ಮಾತ್ರ. ಆಟದ ಚಿತ್ರವನ್ನು ಪರದೆಯ ನಡುವಿಗೆ ಕುಗ್ಗಿಸಿ, ಕೆಂಪಿನವರ ಲೈಫ್ ತೋರಿಸುವ ಪಟ್ಟಿಯನ್ನು ಎಡಮೂಲೆಯಿಂದ ಮೇಲಿನ ಮಧ್ಯಕ್ಕೆ ತಂದೆ. ಉಳಿದ ಮೂವರಿಗೆ ಚಿತ್ರ ಚಿಕ್ಕದಾಯಿತು.

"ಇದ್ಯಾಕೋ ಸ್ಟ್ಯಾಂಪ್ ನೋಡ್ದಂಗಿದೆ" ಎಂದು ಗುಮಾಸ್ತರು ಗೊಣಗಿದರು. ಮೊದಲ ಆಟದಲ್ಲಿ ಅವರೇ ಸೋತರು.

"ಲೈಫ್ ಇದ್ರೆ ತಾನೆ ಗುರು ಕಾಣೋದು" ಎಂದರು ವ್ಯಾನಿನವರು.

ಬಲತುದಿಗೆ ಬಂದರೆ ಪರದೆಯ ಎಡಭಾಗ ದೂರವಾಗಿ ಕಿರಿದಾಗುವುದರಿಂದ ಅವರಿಗೆ ಇನ್ನಷ್ಟು ಅನುಕೂಲವಾಗುತ್ತಿತ್ತು. ಡೆಲಿವರಿ ಸವಾರ ತನ್ನ ಜಾಗ ಬಿಟ್ಟುಕೊಡಲು ಮುಂದೆ ಬಂದ. ವ್ಯಾನಿನವರು ಒಪ್ಪಲಿಲ್ಲ.

ಈ ವರ್ಷದ ಆಯುಧಪೂಜೆಗೆ ನನ್ನನ್ನೂ ಕರೆದಿದ್ದರು. ವ್ಯಾನಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಹತ್ತಿಸಿದವರು ಬಾಡಿಗೆ ಚಾಲಕರು. ವ್ಯಾನಿನವರು ಎಡಬಾಗಿಲ ಬಳಿ ನಿಂತಿದ್ದರು. ಈಗ ಅವರು ಅದೇ ಬಾಗಿಲಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಮಾಡುತ್ತಾರೆ. ಬಡಗಿಯ ಮಗಳು ವ್ಯಾನಿಗೆ ಮರಳಿದ್ದಾಳೆ. ಸಂಜೆ ವ್ಯಾನಿನವರು ಗ್ಯಾರೇಜಿಗೆ ಬಂದು ಎಡತುದಿಯ ಜಾಯ್‌ಸ್ಟಿಕ್ಕಿಗೆ ಕುಂಕುಮ ಹಚ್ಚಿದರು.

ಹೋದ ವಾರ ಅವರಿಗೆ ಮತ್ತೆ ಕಣ್ಣಿನ ಪರೀಕ್ಷೆಯಾಯಿತು. ಎಡಗಣ್ಣು ಇದ್ದಂತೆಯೇ ಇದೆ. ಬಲಗಣ್ಣಿನಲ್ಲಿ ಮೂಗಿನ ಕಡೆ ಇನ್ನೊಂದಿಷ್ಟು ಹೋಗಿದೆ.